ಮದ್ದು

ಕೂತ್ಕೊಳ್ಳಿ. ಪುಸ್ತಕ ಮುಚ್ಚಿ, ಅದರ ಸರದಿ ನಾಳೆ.
ಕನ್ನಡದಲ್ಲಿ ಮದ್ದೆಂದರೆ ಎರಡು:
ಕುಡಿಸುವುದೊಂದು, ಸಿಡಿಸುವುದೊಂದು.
ನಮ್ಮಪ್ಪ ಕೆಜಿಎಫ್ ಗಣಿಯಲ್ಲಿ ಎರಡನೆಯದರ ಕೆಲಸಗಾರ.
ನಾನು ಕೋಲಾರದ ಈ ವಾರ್ಡಿನಲ್ಲಿ
ಎರಡನ್ನೂ ಒಂದೇ ಟ್ರೇಯಲ್ಲಿ ಹೊರುವವಳು.

ಏಳನೇ ಮಂಚದ ಪಿಳ್ಳಮ್ಮ
ಮಂಡಿಯಲ್ಲಿ ಟೊಮೇಟೊ ಆರಿಸುತ್ತಿದ್ದಳು,
ರಾತ್ರಿ ದವಡೆಗೆ ಕಡ್ಡಿಪುಡಿ ಒತ್ತಿಕೊಂಡೇ ನಿದ್ದೆ.
ಆಪರೇಷನ್ ಅಂದರೇನೆಂದು ಅವಳೇ ನನಗೆ ಹೇಳಿದಳು:
"ಕೊಳ್ತಿರೋದು ಒಂದೇ ತೆಗೆದ್ರೆ ಸಾಕಾಗಲ್ಲಮ್ಮ,
ಪಕ್ಕದಲ್ಲಿ ತಾಗ್ಕೊಂಡಿರೋದನ್ನೂ ತೆಗೀಬೇಕಲ್ವಾ."
ಸರ್ಜನ್ನರು ಅದಕ್ಕೇ ಮಾರ್ಜಿನ್ ಅನ್ನುತ್ತಾರೆ. ಬರಕೊಳ್ಳಿ.

ಆಮೇಲೆ ರೇಡಿಯೇಷನ್. ಮೂವತ್ತು ಸಲ, ಶನಿವಾರ ಭಾನುವಾರ ಬಿಟ್ಟು.
ಎಲ್ಲಾ ಒಂದೇ ದಿನ ಯಾಕೆ ಕೊಡಬಾರದು? ಚೌಡೇಶ್ವರಿಯ ಪ್ರಶ್ನೆ.
ಅಪ್ಪ ಹೇಳೋನು: ಮದ್ದು ಹೆಚ್ಚಾದರೆ
ಬಂಡೆಯ ಜೊತೆ ಮೇಲ್ಚಾವಣಿಯೂ ಬೀಳುತ್ತೆ.
ಕಿರಣ ಕೋಶದ ಒಳದಾರ ಕತ್ತರಿಸುತ್ತದೆ.
ಒಳ್ಳೆಯ ಕೋಶ ರಾತ್ರಿಯಿಡೀ ಕೂತು ಹೊಲಿದುಕೊಳ್ಳುತ್ತದೆ,
ಕೆಟ್ಟದ್ದಕ್ಕೆ ಆ ವ್ಯವಧಾನ ಕಡಿಮೆ.
ಆ ರಾತ್ರಿಗಳಿಗಾಗಿಯೇ ಇಷ್ಟೊಂದು ಹಗಲು.

ಕೀಮೋಗೆ ಮುಖಪರಿಚಯವಿಲ್ಲ.
ಯಾರು ಅವಸರವಾಗಿ ಎರಡಾಗುತ್ತಿದ್ದಾರೋ ಅವರನ್ನು ಹಿಡಿಯುತ್ತದೆ:
ಗಡ್ಡೆಯನ್ನೂ, ಕೂದಲ ಬುಡವನ್ನೂ,
ಬಾಯೊಳಗಿನ ತೆಳು ಪದರವನ್ನೂ,
ಮೂಳೆಯೊಳಗೆ ಹುಟ್ಟುತ್ತಿರುವ ರಕ್ತವನ್ನೂ.
ಹತ್ತನೇ ದಿನ ಜ್ವರ ನೂರು ದಾಟಿತೋ, ಬೆಳಗಾಗಲೆಂದು ಕಾಯಬೇಡಿ.
ಡಾಕ್ಟರು ಮಲಗಿದ್ದರೆ ಎಬ್ಬಿಸಿ.
ಬೈದರೆ ನನ್ನ ಹೆಸರು ಹೇಳಿ, ಅರುಳ್‌ಮೇರಿ.
ಸೂಜಿಯ ಸುತ್ತ ಉರಿ ಅಂದರೆ
ಮೊದಲು ಡ್ರಿಪ್ ನಿಲ್ಲಿಸಿ, ಆಮೇಲೆ ನನ್ನನ್ನು ಕೂಗಿ.

ಸ್ತನದ ಕೆಲವು ಗಡ್ಡೆಗಳು ಹಾರ್ಮೋನು ಉಂಡು ಬೆಳೆಯುತ್ತವೆ.
ಅದಕ್ಕೊಂದು ಮಾತ್ರೆ: ಬೀಗದಲ್ಲಿ ಮುರಿದು ಉಳಿದ ಕೀಲಿಯ ಹಾಗೆ.

ಇನ್ನು ಇಮ್ಯುನೋ.
ಗಣಿಯ ಗೇಟಲ್ಲಿ ಪಾಳಿ ಮುಗಿದವರ ಜೇಬು ತಡಕುತ್ತಿದ್ದರು.
ಕಳ್ಳನೊಬ್ಬ ಕಾವಲುಗಾರನ ಕೈ ಹಿಡಿದು
"ನಾನು ನಿಮ್ಮೋನೇ ಅಣ್ಣ" ಅಂದುಬಿಟ್ಟರೆ?
ಕ್ಯಾನ್ಸರ್ ಆ ವಿದ್ಯೆ ಕಲಿತಿದೆ.
ಈ ಔಷಧಿ ಆ ಹಿಡಿದ ಕೈ ಬಿಡಿಸುತ್ತದೆ, ಅಷ್ಟೆ.
ಎಚ್ಚೆತ್ತ ಕಾವಲುಗಾರ ಒಮ್ಮೊಮ್ಮೆ
ಮನೆಯವರನ್ನೂ ಬಡಿಯುತ್ತಾನೆ.
ಭೇದಿ ಅಂದರೆ ಎಷ್ಟು ಸಲ ಅಂತ ಕೇಳಿ.

ಇದರಲ್ಲಿ ಯಾವುದು ಗುಣ ಮಾಡುತ್ತೆ ಸಿಸ್ಟರ್?
ಉಮ್ಮೆಹಾನಿ.
ಪರೀಕ್ಷೆಗೆ ಬರೆಯುವ ಉತ್ತರ ನನ್ನ ಹತ್ತಿರ ಇತ್ತು.
ಅಷ್ಟರಲ್ಲಿ ಪಿಳ್ಳಮ್ಮ ಕೈಸನ್ನೆ ಮಾಡಿದಳು:
ಸಾರು ಬಾಯಿಗಿಟ್ಟರೆ ಬೂದಿ,
ಉಪ್ಪಿದೆಯೋ ಇಲ್ಲವೋ ಯಾರಾದರೂ ನೋಡಿ ಹೇಳಬೇಕಂತೆ.

ಹೋಗು ಉಮ್ಮೆ. ಬೇರೆ ಚಮಚ ತಗೋ.
ಮೊದಲು ಕೈ ತೊಳಿ.