ಆರು ವಾರ ಗೋಧಿ

ಕೋಟೆಯೊಳಗಿನ ಮಣ್ಣು ತಂದಾಗಲೆಲ್ಲ ಅಬ್ಬಾ
ಒಂದು ಚಿಟಿಕೆ ನಾಲಿಗೆಗಿಟ್ಟು ಕಣ್ಣು ಮುಚ್ಚುತ್ತಿದ್ದರು.
ಬಿಸಿಲು ಮಳೆ ಮುಟ್ಟದ ಮಣ್ಣಾದರೆ, ಹೂಂ.
ಅಲ್ಲವಾದರೆ ಅಂಗಳಕ್ಕೆ ಉಗುಳು.
ಬಿದರಿ ಕಪ್ಪು ಹಿಡಿಯುತ್ತದೋ ಇಲ್ಲವೋ ಎಂಬುದಕ್ಕೆ
ನಮ್ಮ ಮನೆಯಲ್ಲಿ ಬೇರೆ ಪರೀಕ್ಷೆ ಇರಲಿಲ್ಲ.

ನನ್ನ ಹೊಟ್ಟೆಗೆ ಯಾರ ನಾಲಿಗೆಯೂ ಸಾಲಲಿಲ್ಲ.

ಹನ್ನೊಂದು ವರ್ಷ.
ಜಂತು ಅಂದರು, ಉಷ್ಣ ಅಂದರು.
ಖಾಲಾ ಮೆಣಸಿನಕಾಯಿ ಇಳಿ ತೆಗೆದು ಒಲೆಗೆಸೆದು
ಘಾಟೇ ಬರಲಿಲ್ಲ, ನೋಡು, ಅಂದಳು.
ರಕ್ತ ಕಮ್ಮಿ ಎಂದು ಕೊಟ್ಟ ಕಬ್ಬಿಣದ ಗುಳಿಗೆ
ಹೋದ ದಾರಿಯಲ್ಲೇ ಹೊರಬಿತ್ತು, ಕಪ್ಪಾಗಿ;
ಆ ಕಪ್ಪಿಗೆ ಯಾರೂ ಹೂಂ ಅನ್ನಲಿಲ್ಲ.

ಶೈಲಜಾ ಬಿರಾದಾರ ಮೇಡಂ ಮಾತ್ರ ಕೇಳಿದರು:
ಊಟಕ್ಕ ಏನ್ರಿ?
ಮನಿ ಎದುರಿಗೇ ತಂದೂರ್ ಅದರಿ, ಎರಡೂ ಹೊತ್ತು ನಾನ್.
ಈಗ ಎರಡು ತಿಂಗಳಾತು ಬಿಟ್ಟು.
ಜ್ವಾಳದ ರೊಟ್ಟಿ ತಿಂದ್ರ ಆರಾಮ ಅನಸ್ತದ.
ಅವರು ಪೆನ್ನು ಕೆಳಗಿಟ್ಟರು.
ಮತ್ತ ಶುರು ಮಾಡ್ರಿ.
ಏನ್ರಿ?
ಗೋಧಿ. ದಿನಾ. ಆರು ವಾರ.
ಕಳ್ಳ ಮನ್ಯಾಗ ಇದ್ದಾಗ ಹಿಡೀಬೇಕು,
ನೀವು ಓಡಿಸಿ ಬಂದೀರಿ.

ಚೀಟಿಯ ಬೆನ್ನಿಗೆ ಬರೆಯುತ್ತ ಹೋದರು.
ಬೆರಳು ಚುಚ್ಚಿ ಪಟ್ಟಿಯ ಮೇಲೆ ಗೆರೆ ನೋಡುವುದು, ಅಗ್ಗ;
ಅದನ್ನೇ ನಂಬಿ ಕೂರುವಂತಿಲ್ಲ.
ತೋಳಿನ ರಕ್ತದಲ್ಲಿ ಸಾಕ್ಷಿ ಹುಡುಕುತ್ತಾರೆ.
ಆದರೆ ಕೆಲವರ ರಕ್ತಕ್ಕೆ ಸಾಕ್ಷಿ ಹೇಳುವ ಬಾಯೇ ಇರುವುದಿಲ್ಲ,
ಬಾಯಿ ಇದೆಯೋ ಇಲ್ಲವೋ ಅದನ್ನೂ ಅಳೆಯಬೇಕು,
ಇಲ್ಲವಾದರೆ ಮೂಕನ ಮೌನವನ್ನು
ನಿರಪರಾಧಿ ಎಂದು ಓದಿಬಿಡುತ್ತೇವೆ.
ಜೀನಿನದು ಹೈದರಾಬಾದಿಗೆ ಹೋಗಬೇಕು, ದುಬಾರಿ.
ಅದಕ್ಕೆ ಗೋಧಿಯ ಹಂಗಿಲ್ಲ.
ಇಲ್ಲ ಅಂತ ಬಂದರೆ ಕಡತ ಬಹುಮಟ್ಟಿಗೆ ಮುಚ್ಚಿದ ಹಾಗೆ;
ಇದೆ ಅಂತ ಬಂದರೆ ಏನೂ ಹೇಳಿದ ಹಾಗಾಗಲಿಲ್ಲ.
(ಅಬ್ಬಾನ ಮೂಗು ನನಗೆ ಬಂದಿದೆ. ನಾಲಿಗೆ ಬರಲಿಲ್ಲ.)
ಕೊನೆಗೆ ಕ್ಯಾಮೆರಾ, ಗಂಟಲಿನಿಂದ ಕೆಳಗೆ.

ತಂದೂರಿನ ಖಾದರ್ ಭಾಯಿಗೆ ಖುಷಿ, ಗಿರಾಕಿ ಮರಳಿದಳೆಂದು.
ಮೊದಲ ತುತ್ತಿಗೇ ಹೊಟ್ಟೆ ನನ್ನನ್ನು ಗುರುತು ಹಿಡಿಯಿತು.
ಕನ್ನಡ ಶಾಲೆಗೆ ಹೋಗುವ ಜುವೇರಿಯಾ ಪಾಟಿ ತಂದಳು:
ಅಮ್ಮೀ, ನಾನ್ ಬರೆದು ಒಂದು ಕೊಂಬು ಕೊಟ್ಟರೆ ನಾನು!
ಹೌದು ಬೇಟಿ. ಆರು ವಾರ
ನಾನ್ ನಾನನ್ನು ತಿಂದಿತು,
ಕೊಂಬೊಂದು ಉಳಿದಿತ್ತು, ಅದನ್ನು ಹಿಡಿದು
ಗೋಡೆ ಹಿಡಿದು
ಬಚ್ಚಲಿಗೆ ಹೋಗಿ ಬರುತ್ತಿದ್ದೆ.

ಉಳಿ ಹಿಡಿದ ಕೈ ನನ್ನದು.
ಸುರಾಯಿಯ ಹೊಟ್ಟೆಗೆ ಕೂದಲೆಳೆಯ ಗೆರೆ ಕೊರೆದು
ಬೆಳ್ಳಿ ತಂತಿ ಕೂರಿಸಿ ಬಡಿಯುವವಳು.
ಅಂದು ಮಗ್ಗುಲಾಗಿ ಮಲಗಿದ್ದೆ,
ಬೇರೆ ಯಾರದೋ ಸಲಾಕೆ ನನ್ನೊಳಗೆ.
ಪರದೆ ತೋರಿಸಿ ಹುಡುಗ ಡಾಕ್ಟರು ಹೇಳಿದ,
ಇಲ್ಲಿ ಮಖಮಲ್ಲಿನ ಹಾಗೆ ಎಳೆಗಳಿರಬೇಕು.
ನನ್ನದು? ತಿಕ್ಕಿ ತಿಕ್ಕಿ ನಕಾಶೆ ಅಳಿದ ತಟ್ಟೆಯೇ?
ಬಾಯಲ್ಲಿ ಪೈಪು. ಕೇಳಲಾಗಲಿಲ್ಲ.
ಐದಾರು ಕಡೆ ಚಿವುಟಿದ, ನೋವೇನೂ ಇರಲಿಲ್ಲ,
ನೋವಿಲ್ಲದೆ ನನ್ನಿಂದ ಏನೋ ಹೋಯಿತಲ್ಲ ಎಂಬುದೇ ಕಸಿವಿಸಿ.

ಎಳ್ಳಿನಷ್ಟು ತುಂಡುಗಳು, ಡಬ್ಬಿಯ ನೀರಲ್ಲಿ.
ಮೇಲೆ ನನ್ನ ಹೆಸರು, ತಪ್ಪು ಬರೆದದ್ದು:
ರುಖಿಯಾ ಹೋಗಿ ರುಚಿಯಾ.
ಲ್ಯಾಬಿನವರೆಗೆ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ,
ಚೌಬಾರಾದ ತಿರುವಿನಲ್ಲಿ ಎರಡೂ ಕೈಯಿಂದ ಹಿಡಿದೆ.

ವರದಿಗೆ ಎಷ್ಟು ದಿನ? ಅಬ್ಬಾ ಕೇಳಿದರು.
ಈಗ ಅವರಿಗೆ ಉಪ್ಪು ಸಕ್ಕರೆ ಒಂದೇ.
ಎಂಟು.
ಮಣ್ಣಾಗಿದ್ರ ಈಗಲೇ ಹೇಳ್ತಿದ್ದೆ, ಅಂದು
ಮಗ್ಗುಲು ಬದಲಿಸಿದರು.

ಇನ್ನು ಬಿಡಬಹುದು ಎಂದಿದ್ದಾರೆ ಮೇಡಂ.
ಇವತ್ತಿನದು ಬೆಳಿಗ್ಗೆಯೇ ತಂದಾಗಿದೆ,
ಕಾಗದದಲ್ಲಿ ಸುತ್ತಿಟ್ಟದ್ದು, ಇನ್ನೂ ಮೆತ್ತಗಿದೆ.