ಮೂರೂವರೆ ಸುತ್ತು

ಊರ ನಕ್ಷೆ ಕೊಡಿ ಎಂದರು ಹೊಸ ಇಂಜಿನಿಯರು.
ಇತ್ತು, ನಗರಸಭೆಯ ಕಪಾಟಿನಲ್ಲಿ, ಹಿಂದೆ ಬಟ್ಟೆ ಅಂಟಿಸಿದ್ದು,
ಮೂಲೆಯಲ್ಲಿ ಮರ್ಕೆರಾ ಎಂದು ಇಂಗ್ಲಿಷಿನ ಓರೆ ಬರಹ.
ಬಿಡಿಸಿ ನೋಡಿದರೆ
ಮಹದೇವಪೇಟೆಯಷ್ಟನ್ನೂ ಗೆದ್ದಲು ತಿಂದಿತ್ತು.

ಆಮೇಲೆ ನನಗೆ ಕರೆ ಬಂತು.
ವಾಲ್ವ್‌ಮನ್ ಐತಪ್ಪನ ಮಗಳು ದೇಯಿ,
ಕೈಯಲ್ಲಿ ಅಪ್ಪನ ಕಬ್ಬಿಣದ ಕೀಲಿ, ನನ್ನ ಎದೆಮಟ್ಟ ಬರುತ್ತದೆ.

ಎಲ್ಲಿಂದ ಶುರು ಮಾಡಲಿ?
ಕೋಟೆಯೊಳಗೆ ಎರಡು ಗಾರೆ ಆನೆಗಳಿವೆಯಲ್ಲ,
ರಾಜರೂ ಹೋದರು, ದೊರೆಗಳೂ ಹೋದರು,
ಅವು ನಿಂತೇ ಇವೆ. ಊರಲ್ಲಿ
ನನ್ನಪ್ಪನನ್ನು ನೀರು ಕೇಳದಿದ್ದವರು ಅವರಿಬ್ಬರೇ.

ಕೊಳವೆಗಳು ಹಡಗಿಳಿದದ್ದು ಮಂಗಳೂರಲ್ಲಂತೆ.
ಅಲ್ಲಿಂದ ಸಂಪಾಜೆ ಘಾಟಿ, ಗಾಡಿಗೆ ಮೂರೇ ಮೂರು;
ನಾಲ್ಕನೆಯದು ಹೇರಿದರೆ ಎತ್ತು ಮಲಗಿಬಿಡುತ್ತಿತ್ತು.
ಎಡಗಡೆಯ ಎತ್ತಿನ ಹೆಸರು ಮೈಲ,
ಬಲಗಡೆಯದು ಕಾಳಿಂಗ.
ಗಾಡಿಯವನ ಹೆಸರು?
ಅಪ್ಪನಿಗೆ ಹೇಳಿದವರು ಅದನ್ನು ಹೇಳಿರಲಿಲ್ಲ.

ನೀರು ಇಳಿಜಾರಿಗೆ ಹರಿಯುತ್ತದೆ ಎಂದು ಶಾಲೆಯಲ್ಲಿ ಕಲಿತೆ.
ಇಲ್ಲಿ ಮೊದಲು ಗುಡ್ಡ ಹತ್ತಿತು:
ದೊರೆಯ ಬಂಗಲೆ, ಕ್ಲಬ್ಬು, ಕಚೇರಿ, ಜೈಲು,
ಗುಲಾಬಿ ಗಿಡಗಳು, ಒಂದು ಕುದುರೆ.
ಅಗೆದವರ ಕೇರಿಗೆ ಬರಲು
ಇನ್ನೂ ಹದಿನಾಲ್ಕು ವರ್ಷ ಹಿಡಿಯಿತು.
ಜಡಿಮಳೆಯಲ್ಲಿ ಕೊಡ ಹಿಡಿದು ಸಾಲು ನಿಂತಿದ್ದರಂತೆ
ತಲೆಯ ಮೇಲೆ ಗೊರಬೆ ಹೊತ್ತು.

ಪೆಂಬರ್ಟನ್ ದೊರೆ ಕಟ್ಟುನಿಟ್ಟಿನ ಮನುಷ್ಯ.
ನಮ್ಮವರ ಬಾಯಲ್ಲಿ ಪೆಂಬಟ್ಟನಾದ.
ಅವನು ಕುರ್ಚಿ ಹಾಕಿ ಕೂತು ಕೆಲಸ ನೋಡುತ್ತಿದ್ದ ಜಾಗ
ಪೆಂಬಟ್ಟನ ತಿರುವಾಯಿತು.
ಈಗ ಅಲ್ಲೊಂದು ಕಲ್ಲಿಗೆ ಯಾರೋ ಕುಂಕುಮ ಹಚ್ಚಿದ್ದಾರೆ.
ಹೊಸ ಬಾಡಿಗೆಯವರು ಗುಳಿಗನೇ ಇರಬೇಕೆಂದು
ಸ್ಕೂಟರ್ ನಿಧಾನ ಮಾಡಿ ನಾಣ್ಯ ಹಾಕುತ್ತಾರೆ.
ಹಾಕಲಿ. ಅವನು ಸೀಟಿ ಊದಿದರೆ
ಗುದ್ದಲಿ ಹಿಡಿದವರಿಗೆ ಚಳಿಜ್ವರ ಬರುತ್ತಿತ್ತಂತೆ,
ಗುಳಿಗನಾಗಲು ಅಷ್ಟು ಸಾಲದೆ?

ಸೀಸ ಕಾಯಿಸಿ ಕೊಳವೆ ಬೆಸೆದವನು ಕರುಪ್ಪಣ್ಣ,
ಸೇಲಂ ಕಡೆಯವನು.
ಬೆಸುಗೆ ಆರುವ ಮುನ್ನ ಉಳಿಮೊನೆಯಲ್ಲಿ
ಒಂದು ಮೀನು ಕೆತ್ತುತ್ತಿದ್ದ, ಕಿರುಬೆರಳಷ್ಟು.
ಏಳು ವರ್ಷದವಳಿದ್ದಾಗ ಅಪ್ಪ ಗುಂಡಿಗಿಳಿಸಿ
ಲಾಂದ್ರ ಹಿಡಿದು ತೋರಿಸಿದ್ದ.
ಮುಟ್ಟಿದೆ. ತಣ್ಣಗಿತ್ತು, ಒಳಗಿನಿಂದ ನಡುಗುತ್ತಿತ್ತು.

"ಇಲ್ಲಿ ಅಗೆಯಬೇಡಿ" ಎಂದೆ ಇಂಜಿನಿಯರಿಗೆ,
"ಆ ಟೈಲರ್ ಅಂಗಡಿಯ ಮೆಟ್ಟಿಲಿಂದ ಒಂಬತ್ತು ಹೆಜ್ಜೆ ಬಿಡಿ."
"ದಾಖಲೆ ಇದೆಯೇನಮ್ಮ?"
ಕೀಲಿಯ ತುದಿ ನೆಲಕ್ಕೂರಿ ಹಿಡಿಗೆ ಕಿವಿ ಕೊಟ್ಟೆ.
ಅಪ್ಪ ಹೀಗೇ ಕೇಳುತ್ತಿದ್ದ, ರಾತ್ರಿ ಎರಡಕ್ಕೆ,
ನಾಯಿಗಳೂ ಮಲಗಿದ ಮೇಲೆ,
ಎಲ್ಲಿ ಸೋರುತ್ತಿದೆ ಎಂದು.
ಅವರು ಗಡಿಯಾರ ನೋಡಿಕೊಂಡರು.

ಗುರುವಾರ ಜೆಸಿಬಿ ಬಂತು.
ಆರನೇ ಹೆಜ್ಜೆಗೆ ನೀರು ಚಿಮ್ಮಿ
ಟೈಲರ್ ವರ್ಗೀಸನ ಮದುವೆ ಕೋಟುಗಳೆಲ್ಲ ತೋಯ್ದವು.
ಮಣ್ಣು ತೊಳೆದ ಕೊಳವೆಯ ಮೇಲೆ ಮೀನು ಮಿನುಗಿತು.
ಇಂಜಿನಿಯರು ಫೋಟೊ ತೆಗೆದು ದೊಡ್ಡದು ಮಾಡಿ ಕೇಳಿದರು:
"ಇದು ಯಾವ ಕಂಪನಿಯ ಗುರುತು?"

ನನಗೆ ಹೊತ್ತಾಗಿತ್ತು.
ರಾಣಿಪೇಟೆಯ ವಾಲ್ವು ಆರಕ್ಕೆ ತೆರೆಯಬೇಕು,
ಮೂರೂವರೆ ಸುತ್ತು, ನಾಲ್ಕು ತಿರುಗಿಸಿದರೆ ಕೆಳಕೇರಿ ಒಣಗುತ್ತದೆ.
ಬಗ್ಗಿ ತಿರುಗಿಸಿದೆ. ಎಲ್ಲೋ ದೂರದಲ್ಲಿ
ನಲ್ಲಿಯೊಂದು ಕೆಮ್ಮಿತು, ಗಾಳಿ ಉಗುಳಿತು.
ಬೀಪಾತು ಕಿಟಕಿಯಿಂದ ಕೂಗಿದಳು:
"ಏನೇ, ನಿನ್ನಪ್ಪ ಇದ್ದಿದ್ದರೆ ಇಷ್ಟು ಹೊತ್ತಿಗೆ
ನನ್ನ ಎರಡನೇ ಚಾ ಆಗಿರುತ್ತಿತ್ತು!"