ಇಪ್ಪತ್ತೈದು ಡಿಗ್ರಿ

ಮಂಗಾಫ್‌ನ ಆ ವಿಲ್ಲಾದಲ್ಲಿ ಮನೆಯವರು ಯಾರೂ ಇರಲಿಲ್ಲ.
ಜುಲೈ. ಎಲ್ಲರೂ ಜಿನೀವಾದಲ್ಲಿ.
ಹನ್ನೊಂದು ಕೋಣೆ, ಹದಿನೆಂಟು ಡಿಗ್ರಿ;
ಸೋಫಾಗಳು ಕೂತಿದ್ದವು
ಹೆಣ ಕಾಯುವವರ ಹಾಗೆ.

ಹೊರಗೆ ಐವತ್ತು. ನನ್ನ ಏಣಿ ಮುಟ್ಟಿದರೆ ಬೊಬ್ಬೆ.
ಬಾಗಿಲು ತೆರೆದವಳು ಕುಸುಮಾವತಿ, ಲಂಕೆಯವಳು,
ಸ್ವೆಟರಿನ ಮೇಲೆ ಸ್ವೆಟರು.
‘ಭಯ್ಯಾ, ನೋಡು’ ಎಂದು
ಬಾಟಲಿ ತಲೆಕೆಳಗು ಮಾಡಿದಳು:
ಕೊಬ್ಬರಿ ಎಣ್ಣೆ ಕಲ್ಲಾಗಿತ್ತು,
ಮರಳುಗಾಡಿನಲ್ಲಿ!

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ.
ಗಾದೆ ನಮ್ಮ ಕಡೆಯದು.
ಇಲ್ಲಿ, ಸಮುದ್ರದ ಬದಿಗೆ, ಚಿಮಣಿಗಳು
ನೆಲದಡಿಯದನ್ನು ಹಗಲೂ ರಾತ್ರಿ ಸುಟ್ಟು
ಸೋಫಾಗಳಿಗೆ ಚಳಿ ಹಂಚುತ್ತಿದ್ದವು.

ಕಂಪನಿ ಸ್ಟಿಕ್ಕರು ಕೊಟ್ಟಿತ್ತು: ‘ಉಳಿಸಿ’.
ಅಂಟಿಸಲಿಲ್ಲ.
ಕೋಣೆ ಕೋಣೆಗೂ ಹೋಗಿ ಗುಂಡಿ ಒತ್ತಿದೆ,
ಹತ್ತೊಂಬತ್ತು, ಇಪ್ಪತ್ತು,
ಬೆರಳು ಒಮ್ಮೆ ಹೆದರಿತು, ಮೇಡಂ ಫೋನಿನಲ್ಲಿ ನೋಡುತ್ತಾರೇನೋ,
ನೋಡಲಿ, ಇಪ್ಪತ್ತೈದು.

ಫಿಲ್ಟರುಗಳನ್ನೆಲ್ಲ ತೊಳೆದು ಇಳಿಯುವಷ್ಟರಲ್ಲಿ
ಬಾಟಲಿಯ ಅಂಚಿಗೆ ಒಂದು ತಿಳಿ ಗೆರೆ.
ಕುಸುಮಾವತಿ ಅದನ್ನು ಬೆಳಕಿಗೆ ಹಿಡಿದಳು.
ಅಂಗೈಗೆ ಎರಡೇ ಹನಿ ಬಗ್ಗಿಸಿ
ಮುಚ್ಚಳ ಬಿಗಿದಳು.
ಮೇಲಿನ ಸ್ವೆಟರು ಬಿಚ್ಚಿದಳು.
ಒಳಗಿನದು
ಇರಲಿ ಎಂದಳು, ಅವರು ಬರುತ್ತಾರಲ್ಲ.